ಒಂದು ಹಡಗು ಸಿಡಿದಿದ್ದಕ್ಕೇ ಅಮೆರಿಕ ಸ್ಪೇನ್ ಮೇಲೆ ಯುದ್ಧಕ್ಕೆ ಹೋಯಿತಾ?

ಪುಸ್ತಕದ ಹುಳ:

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ 1898ರ ಸ್ಪೇನ್-ಅಮೆರಿಕ ಯುದ್ಧದ ಬಗ್ಗೆ ಓದುತ್ತಾ ಇದ್ದೇನೆ. ಎಲ್ಲಿ ನೋಡಿದರೂ ಒಂದೇ ಕಥೆ. ಸ್ಪೇನಿನ ವಸಾಹತಾಗಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ನಿಂತಿದ್ದ 'ಮೇಯ್ನ್' ಅನ್ನೋ ಅಮೆರಿಕದ ಯುದ್ಧನೌಕೆ ಸಿಡಿಯಿತು. ಇದು ಸ್ಪೇನ್‌ನವರದ್ದೇ ಕೆಲಸ ಎಂದು ನ್ಯೂಯಾರ್ಕಿನ ಪತ್ರಿಕೆಗಳು ಬೊಬ್ಬೆ ಹೊಡೆದವು. ಜನ ರೊಚ್ಚಿಗೆದ್ದರು. ಯುದ್ಧ ಆಯಿತು, ನಾಲ್ಕು ತಿಂಗಳೊಳಗೆ ಮುಗಿದೂ ಹೋಯಿತು. ಸ್ಪೇನಿನ ಕೈಲಿದ್ದ ಪೋರ್ಟೊ ರಿಕೊ, ಗುವಾಮ್, ಫಿಲಿಪ್ಪೀನ್ಸ್ ಅಮೆರಿಕದ ಪಾಲಾದವು.

ನನಗ್ಯಾಕೋ ಇದು ಅರಗುತ್ತಿಲ್ಲ. ಪೇಪರ್ ಓದಿ ಒಂದು ದೇಶ ಯುದ್ಧಕ್ಕೆ ಹೋಗುತ್ತಾ? ಅಮೆರಿಕ ತಾನೇ ಒಂದು ಕಾಲಕ್ಕೆ ಬ್ರಿಟನ್ನಿನ ವಸಾಹತು. ಇನ್ನೊಬ್ಬರ ವಸಾಹತನ್ನು ಬಿಡಿಸುತ್ತೇನೆ ಎಂದು ಹೊರಟು ತಾನೇ ವಸಾಹತು ಕಟ್ಟಿಕೊಂಡಿತು ಅಂದರೆ ಒಳಗೆ ಬೇರೇನೋ ಇರಬೇಕು ಅಲ್ವಾ?

ಇನ್ನೊಂದು ಡೌಟು. ಸೋಲುತ್ತೇವೆ ಅಂತ ಸ್ಪೇನಿಗೆ ಗೊತ್ತಿರಲಿಲ್ವಾ? ಕ್ಯೂಬಾವನ್ನು ಮಾರಿ ದುಡ್ಡು ಎಣಿಸಿಕೊಂಡು ಸುಮ್ಮನಿರಬಹುದಿತ್ತಲ್ಲ?

ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಉದ್ದ ಆದರೂ ಪರವಾಗಿಲ್ಲ.

ಟ್ಯಾಂಪಾದವನು:

ಉದ್ದ ಆದರೂ ಪರವಾಗಿಲ್ಲ ಅಂದಿದ್ದೀರಿ, ಆಮೇಲೆ ಬೈಯಬೇಡಿ.

ನಾನು ಇತಿಹಾಸದ ಮೇಷ್ಟ್ರಲ್ಲ. ಲ್ಯಾಬಿನಲ್ಲಿ ರಾತ್ರಿ ಪಾಳಿ ಮಾಡುವವನು. ಆದರೆ 14 ವರ್ಷದಿಂದ ಇರುವುದು ಫ್ಲಾರಿಡಾದ ಟ್ಯಾಂಪಾದಲ್ಲಿ. ಈ ಯುದ್ಧದ ಅರ್ಧ ಬೇರು ಇದೇ ಊರಿನಲ್ಲಿದೆ. ಸೈನ್ಯ ಹಡಗು ಹತ್ತಿದ್ದೂ ಇಲ್ಲಿಂದಲೇ. ಹಾಗಾಗಿ ಇದರ ಹುಚ್ಚು ನನಗೆ ಓದಿ ಹಿಡಿದದ್ದಲ್ಲ, ತಿರುಗಾಡಿ ಹಿಡಿದದ್ದು.

ಇಲ್ಲಿ ಈಬೋರ್ ಸಿಟಿ ಅಂತ ಒಂದು ಬಡಾವಣೆ ಇದೆ. ಬೀದಿಯಲ್ಲಿ ಈಗಲೂ ಕೋಳಿಗಳು ಓಡಾಡಿಕೊಂಡಿರುತ್ತವೆ, ಅವುಗಳನ್ನು ಯಾರೂ ಹಿಡಿಯುವ ಹಾಗಿಲ್ಲ. 1880ರ ದಶಕದಲ್ಲಿ ಅದು ಚುಟ್ಟದ ಕಾರ್ಖಾನೆಗಳ ಊರು. ಕ್ಯೂಬಾದಿಂದ ಬಂದ ಸಾವಿರಾರು ಜನ ಸಾಲಾಗಿ ಕೂತು ಚುಟ್ಟ ಸುತ್ತುತ್ತಿದ್ದರು. ಅವರೆದುರು ಎತ್ತರದ ಕಟ್ಟೆಯ ಮೇಲೆ ಒಬ್ಬ 'ಲೆಕ್ಟೋರ್' ಕೂತು ಪೇಪರು, ಕಾದಂಬರಿ ಗಟ್ಟಿಯಾಗಿ ಓದುತ್ತಿದ್ದ. ಅವನಿಗೆ ಸಂಬಳ ಕೊಡುತ್ತಿದ್ದದ್ದು ಮಾಲೀಕರಲ್ಲ, ಕೆಲಸಗಾರರೇ. ಕೈ ಎಲೆ ಸುತ್ತುತ್ತಿತ್ತು, ಕಿವಿ ಕ್ಯೂಬಾದ ಸುದ್ದಿ ಕೇಳುತ್ತಿತ್ತು.

ಅಂಥ ಒಂದು ಕಾರ್ಖಾನೆಯ ಕಬ್ಬಿಣದ ಮೆಟ್ಟಿಲು ಇನ್ನೂ ಇದೆ. ಅದರ ಮೇಲೆ ಕೆಲಸಗಾರರ ನಡುವೆ ಒಬ್ಬ ಸಣಕಲು ಮೀಸೆಯ ಮನುಷ್ಯ ನಿಂತಿರುವ ಫೋಟೋ ಊರಲ್ಲೆಲ್ಲ ನೋಡಸಿಗುತ್ತದೆ. ಅವರೇ ಹೊಸೆ ಮಾರ್ತಿ. ಕವಿ, ಪತ್ರಕರ್ತ, ಕ್ಯೂಬಾ ಬಿಡುಗಡೆಯ ಹೋರಾಟಕ್ಕೆ ದುಡ್ಡು ಕೂಡಿಸುತ್ತಿದ್ದವರು. ಚುಟ್ಟ ಸುತ್ತುವವರು ಒಂದು ದಿನದ ಕೂಲಿಯನ್ನು ಈ ಹೋರಾಟಕ್ಕೆ ಎತ್ತಿಡುತ್ತಿದ್ದರು. 1895ರಲ್ಲಿ ದಂಗೆ ಏಳಿ ಅನ್ನುವ ಆದೇಶವನ್ನು ಒಂದು ಚುಟ್ಟದೊಳಗೆ ಸುತ್ತಿ ಹವಾನಾಕ್ಕೆ ಕಳಿಸಿದರಂತೆ. ಇಲ್ಲಿನವರು ಇಷ್ಟಪಟ್ಟು ಹೇಳುವ ಕಥೆ ಅದು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನೀವು ಕಥೆಯನ್ನು 1898ರಿಂದ ಶುರು ಮಾಡುತ್ತಿದ್ದೀರಿ. ಅಲ್ಲೇ ಎಡವಟ್ಟಾಗುವುದು. ಅಮೆರಿಕ ಬರುವ ಹೊತ್ತಿಗೆ ಕ್ಯೂಬಾದಲ್ಲಿ ಮೂರು ವರ್ಷದಿಂದ ಯುದ್ಧ ನಡೆದೇ ಇತ್ತು. ಅದಕ್ಕೂ ಮೊದಲು 1868ರಿಂದ 1878ರವರೆಗೆ ಹತ್ತು ವರ್ಷ ಹೊಡೆದಾಡಿ ಸೋತಿದ್ದರು.

ಈಗ ಸಕ್ಕರೆ ವಿಷಯ. ಕ್ಯೂಬಾವನ್ನು ಆಳುತ್ತಿದ್ದದ್ದು ಸ್ಪೇನ್, ಅದರ ಸಕ್ಕರೆ ಕೊಳ್ಳುತ್ತಿದ್ದದ್ದು ಅಮೆರಿಕ. ಒಂದು ವಸಾಹತಿಗೆ ದಣಿ ಒಬ್ಬ, ಗಿರಾಕಿ ಇನ್ನೊಬ್ಬ ಆದರೆ ಎಷ್ಟು ದಿನ ನಡೆದೀತು? 1890ರಲ್ಲಿ ಅಮೆರಿಕ ಕಚ್ಚಾ ಸಕ್ಕರೆಯ ಮೇಲಿನ ಸುಂಕ ತೆಗೆಯಿತು. ಕ್ಯೂಬಾದಲ್ಲಿ ಎಲ್ಲಿ ನೋಡಿದರೂ ಕಬ್ಬು. 1894ರಲ್ಲಿ ಉತ್ಪಾದನೆ 10 ಲಕ್ಷ ಟನ್ ದಾಟಿತು. ಅದೇ ವರ್ಷ ಅಮೆರಿಕ ಕಾಯ್ದೆ ಬದಲಾಯಿಸಿ ಶೇ. 40 ಸುಂಕ ಹೇರಿತು. ತೋಟದಲ್ಲಿ ಕೆಲಸ ಹೋಯಿತು, ಸಾಲ ಉಳಿಯಿತು. 1895ರ ಫೆಬ್ರವರಿ 24ಕ್ಕೆ ದಂಗೆ ಎದ್ದಿತು. ಸುಂಕದಿಂದಲೇ ದಂಗೆ ಆಯಿತು ಅನ್ನುತ್ತಿಲ್ಲ. ಆದರೆ ದಂಗೆಗೆ ಜನ ಸಿಕ್ಕಿದ್ದರಲ್ಲಿ ಅದರ ಕೈವಾಡ ಇದೆ.

ದಂಗೆಯ ಸೇನಾಪತಿ ಮಾಕ್ಸಿಮೊ ಗೋಮೆಜ್. ಡೊಮಿನಿಕನ್ ದೇಶದಲ್ಲಿ ಹುಟ್ಟಿದ ಮುದುಕ. ಅವನ ಲೆಕ್ಕ ಸರಳ. ಸ್ಪೇನ್ ಕ್ಯೂಬಾವನ್ನು ಇಟ್ಟುಕೊಂಡಿರುವುದು ದುಡ್ಡಿಗೆ, ದುಡ್ಡು ಬರುವುದು ಕಬ್ಬಿನಿಂದ, ಕಬ್ಬು ಸುಟ್ಟುಬಿಡಿ. ಸುಟ್ಟರು. ತೋಟ ಸ್ಪೇನಿನವರದ್ದೋ ಅಮೆರಿಕದವರದ್ದೋ ಎಂದು ಬೆಂಕಿ ಕೇಳುತ್ತಾ? 1896ರಲ್ಲಿ ಉತ್ಪಾದನೆ 2 ಲಕ್ಷ ಟನ್ನಿನ ಆಸುಪಾಸಿಗೆ ಬಿತ್ತು. ಆ ವರ್ಷದ ಕೊನೆಗೆ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಸಂಸತ್ತಿಗೆ ಲೆಕ್ಕ ಕೊಟ್ಟ: ಕ್ಯೂಬಾದಲ್ಲಿ ಅಮೆರಿಕನ್ನರು ಹೂಡಿದ ಬಂಡವಾಳ 3ರಿಂದ 5 ಕೋಟಿ ಡಾಲರ್, 1894ರ ವ್ಯಾಪಾರ ಹತ್ತಿರ ಹತ್ತಿರ 9.6 ಕೋಟಿ ಡಾಲರ್.

ಸ್ಪೇನ್ ಇದಕ್ಕೆ ಕಳಿಸಿದ್ದು ಜನರಲ್ ವೈಲರ್‌ನನ್ನು. ಹಳ್ಳಿಯವರು ಬಂಡುಕೋರರಿಗೆ ಅನ್ನ ಹಾಕುತ್ತಾರೆ, ಹಾಗಾದರೆ ಹಳ್ಳಿಯನ್ನೇ ಖಾಲಿ ಮಾಡಿಸೋಣ ಅಂದ. ಲಕ್ಷಗಟ್ಟಲೆ ಜನರನ್ನು ಊರು ಬಿಡಿಸಿ, ಕಾವಲು ಹಾಕಿದ ಪಟ್ಟಣಗಳೊಳಗೆ ತುಂಬಿದರು. ಇರಲು ಜಾಗ ಇಲ್ಲ, ಉಣ್ಣಲು ಇಲ್ಲ, ನೀರು ಗಲೀಜು. ಹಸಿವು, ಭೇದಿ, ಸಿಡುಬು, ಹಳದಿ ಜ್ವರದಿಂದ ಸತ್ತವರು ಕಡಿಮೆ ಎಂದರೂ ಒಂದು ಲಕ್ಷ. ಒಂದೂವರೆ ಲಕ್ಷದ ಮೇಲೆ ಎನ್ನುವವರೇ ಜಾಸ್ತಿ. ಪತ್ರಿಕೆಗಳು ಉಪ್ಪುಖಾರ ಹಚ್ಚಿದ್ದು ನಿಜ. ಆದರೆ ಹಚ್ಚುವುದಕ್ಕೆ ಹೆಣಗಳು ಅಲ್ಲಿ ಇದ್ದವು. 'ಎಲ್ಲ ಪೇಪರ್‌ನವರ ಕಿತಾಪತಿ' ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಪತ್ರಿಕೆಗಳ ಮಾತು ಬಂತಲ್ಲ. ನ್ಯೂಯಾರ್ಕಿನ ಪತ್ರಿಕೆಯೊಂದರ ಒಡೆಯ ಹರ್ಸ್ಟ್ ತನ್ನ ಚಿತ್ರಕಾರನಿಗೆ 'ನೀನು ಚಿತ್ರ ಕೊಡು, ಯುದ್ಧ ನಾನು ಕೊಡುತ್ತೇನೆ' ಎಂದು ತಂತಿ ಕಳಿಸಿದ ಅನ್ನುವ ಕಥೆ ನೀವೂ ಓದಿರುತ್ತೀರಿ. ಆ ತಂತಿಯನ್ನು ಯಾರೂ ಕಣ್ಣಾರೆ ಕಂಡಿಲ್ಲ. ಹರ್ಸ್ಟ್ ತಾನು ಹಾಗೆ ಹೇಳಲೇ ಇಲ್ಲ ಅಂದ. ಇನ್ನೊಬ್ಬ ವರದಿಗಾರ ಮೂರ್ನಾಲ್ಕು ವರ್ಷ ಆದ ಮೇಲೆ ಬರೆದ ಮಾತು ಅದು.

ಮೇಯ್ನ್ ಹವಾನಾಕ್ಕೆ ಯಾಕೆ ಹೋಗಿತ್ತು ಎಂಬುದನ್ನು ಜಾಸ್ತಿ ಜನ ಕೇಳುವುದಿಲ್ಲ. 1897ರ ಆಗಸ್ಟಿನಲ್ಲಿ ಸ್ಪೇನಿನ ಪ್ರಧಾನಿ ಕಾನೊವಾಸ್‌ನನ್ನು ಒಬ್ಬ ಅರಾಜಕತಾವಾದಿ ಗುಂಡಿಕ್ಕಿ ಕೊಂದ. ಆಮೇಲೆ ಬಂದ ಸಗಾಸ್ತ ಸ್ವಲ್ಪ ಮೆತ್ತಗಿನವನು. ವೈಲರ್‌ನನ್ನು ವಾಪಸ್ ಕರೆಸಿಕೊಂಡ. 1898ರ ಜನವರಿ 1ರಿಂದ ಕ್ಯೂಬಾಕ್ಕೆ ಒಳಾಡಳಿತದ ಹಕ್ಕು ಕೊಟ್ಟ. ಸರಿಹೋಯಿತು ಅಂದುಕೊಂಡರೆ, ಅದು ಯಾರಿಗೂ ಬೇಡವಾಗಿತ್ತು. ಬಂಡುಕೋರರಿಗೆ ಪೂರ್ತಿ ಸ್ವಾತಂತ್ರ್ಯ ಬೇಕು. ಹವಾನಾದ ಸ್ಪೇನ್ ಪಕ್ಷಪಾತಿಗಳಿಗೆ ಒಂದಿಂಚೂ ಬಿಡಲು ಇಷ್ಟವಿಲ್ಲ. ಜನವರಿ 12ರಂದು ಸ್ಪೇನ್ ಸೈನ್ಯದ ಅಧಿಕಾರಿಗಳೇ ಸೇರಿಕೊಂಡು, ಒಳಾಡಳಿತದ ಪರ ಬರೆಯುತ್ತಿದ್ದ ಪತ್ರಿಕೆಗಳ ಅಚ್ಚುಕೂಟಕ್ಕೆ ನುಗ್ಗಿದರು. ಆ ಗಲಭೆ ನೋಡಿ, ಅಲ್ಲಿನ ಅಮೆರಿಕನ್ನರಿಗೆ ಧೈರ್ಯ ಬರಲಿ ಅಂತ ಕಳಿಸಿದ ಹಡಗು ಮೇಯ್ನ್. ಜನವರಿ 25ಕ್ಕೆ ಬಂದು ಲಂಗರು ಹಾಕಿತು.

ಫೆಬ್ರವರಿ 15, ರಾತ್ರಿ 9.40. ಹಡಗಿನ ಮುಂಭಾಗ ಸಿಡಿಯಿತು. 260ಕ್ಕೂ ಜಾಸ್ತಿ ಜನ ಸತ್ತರು. ಕ್ಯಾಪ್ಟನ್ ಸಿಗ್ಸ್‌ಬಿ ತನ್ನ ಕೋಣೆಯಲ್ಲಿ ಮನೆಗೆ ಕಾಗದ ಬರೆಯುತ್ತಾ ಕೂತಿದ್ದ, ಹಾಗಾಗಿ ಉಳಿದ. ಅವನು ಕಳಿಸಿದ ತಂತಿಯಲ್ಲಿ ಏನಿತ್ತು ಗೊತ್ತಾ? ಮುಂದಿನ ವರದಿ ಬರುವ ತನಕ ಜನ ಯಾವ ತೀರ್ಮಾನಕ್ಕೂ ಬರಬಾರದು ಅಂತ. ಹರ್ಸ್ಟ್‌ನ ಪತ್ರಿಕೆ ಅಪರಾಧಿಯನ್ನು ಹಿಡಿದುಕೊಟ್ಟವರಿಗೆ 50,000 ಡಾಲರ್ ಬಹುಮಾನ ಅಂತ ಹಾಕಿತು.

ಆದರೆ ನೋಡಿ, ಸ್ಫೋಟ ಆದ ಮೇಲೆ ಯುದ್ಧಕ್ಕೆ ಎರಡು ತಿಂಗಳು ಹಿಡಿಯಿತು. ಬರೀ ಸಿಟ್ಟಿನಿಂದ ಆಗುವ ಯುದ್ಧವಾದರೆ ಅಷ್ಟು ದಿನ ಕಾಯುತ್ತಿತ್ತಾ? ಅಧ್ಯಕ್ಷ ಮೆಕಿನ್ಲಿ ಅಂತರ್ಯುದ್ಧದಲ್ಲಿ ಹೋರಾಡಿ ಬಂದವನು, ರಣರಂಗ ಕಂಡವನು. ಕ್ಯೂಬಾದ ಹಸಿದವರಿಗೆ ಅಂತ ತನ್ನ ಕೈಯಿಂದ 5,000 ಡಾಲರ್ ಗುಟ್ಟಾಗಿ ಕೊಟ್ಟಿದ್ದ. ಯುದ್ಧ ಅವನಿಗೆ ಮೊದಲು ಬೇಕಿರಲಿಲ್ಲ. ಆ ಎರಡು ತಿಂಗಳಲ್ಲಿ ಅವನು ಮ್ಯಾಡ್ರಿಡ್ ಮುಂದೆ ಇಟ್ಟ ಬೇಡಿಕೆಗಳನ್ನು ಒಂದೊಂದಾಗಿ ನೋಡಿದರೆ ನಿಜವಾದ ಕಾರಣ ತಾನಾಗೇ ಈಚೆ ಬರುತ್ತದೆ.

ಜನರನ್ನು ಕೂಡಿಹಾಕುವುದು ನಿಲ್ಲಿಸಿ ಅಂದ. ಮಾರ್ಚ್ ಕೊನೆಗೆ ಸ್ಪೇನ್ ಒಪ್ಪಿತು. ಮೇಯ್ನ್ ವಿಷಯ? ಮಧ್ಯಸ್ಥರ ಮುಂದೆ ಇಡೋಣ ಎಂದು ಸ್ಪೇನೇ ಹೇಳಿತು. ಕದನ ನಿಲ್ಲಿಸಿ ಅಂದ. ತಿಣುಕಾಡಿ ಏಪ್ರಿಲ್ 9ಕ್ಕೆ ಅದಕ್ಕೂ ಹೂಂ ಅಂದರು. ಉಳಿದದ್ದು ಒಂದೇ, ಕ್ಯೂಬಾದ ಸ್ವಾತಂತ್ರ್ಯ. ಅದೊಂದನ್ನು ಕೊಡಲು ಅವರು ತಯಾರಿರಲಿಲ್ಲ. ಎರಡು ದಿನ ಬಿಟ್ಟು, ಏಪ್ರಿಲ್ 11ಕ್ಕೆ, ಮೆಕಿನ್ಲಿ ಸಂಸತ್ತಿನ ಮುಂದೆ ಸೈನ್ಯ ಬಳಸುವ ಅಧಿಕಾರ ಕೇಳಿದ.

ಇಲ್ಲೇ ಒಂದು ಸೂಕ್ಷ್ಮ ಇದೆ. ಸ್ಪೇನ್ ಹತ್ತಿರ ಕ್ಯೂಬಾಕ್ಕೆ ಸ್ವಾತಂತ್ರ್ಯ ಕೇಳಿದ ಅದೇ ಮೆಕಿನ್ಲಿ, ತನ್ನ ಸಂಸತ್ತಿಗೆ 'ಬಂಡುಕೋರರ ಸರ್ಕಾರಕ್ಕೆ ಮಾನ್ಯತೆ ಕೊಡಬೇಡಿ' ಅಂದ. ಸೆನೆಟ್ ಹಟ ಮಾಡಿ ಮಾನ್ಯತೆಯ ಮಾತು ಸೇರಿಸಿತ್ತು, ಅದನ್ನು ಕೊನೆಗೆ ತೆಗೆಸಿದರು. ನನ್ನ ಮಟ್ಟಿಗೆ ಇಡೀ ಯುದ್ಧದ ಕೀಲಿ ಇರುವುದು ಇಲ್ಲೇ. ಸ್ಪೇನಿನ ಕೈಯಲ್ಲಿ ಕ್ಯೂಬಾ ಇನ್ನು ನಿಲ್ಲುವುದಿಲ್ಲ ಅನ್ನುವುದು ವಾಷಿಂಗ್ಟನ್ನಿಗೆ ಗೊತ್ತಾಗಿತ್ತು. ಆದರೆ ಅದು ಬಿದ್ದಾಗ ಯಾರ ಮಡಿಲಿಗೆ ಬೀಳಬೇಕು? ಗೋಮೆಜ್‌ನ ಸೈನ್ಯದ ಮಡಿಲಿಗೆ ಬೀಳುವುದು ಅವರಿಗೆ ಬೇಕಿರಲಿಲ್ಲ. ಆ ಸೈನ್ಯದಲ್ಲಿ ಅರ್ಧಕ್ಕರ್ಧ ಕಪ್ಪು ಜನ. ಗುಲಾಮಗಿರಿ ಅಲ್ಲಿ ತೊಲಗಿ 12 ವರ್ಷ ಅಷ್ಟೇ ಆಗಿತ್ತು. 1823ರಲ್ಲೇ ಅಮೆರಿಕದ ವಿದೇಶಾಂಗ ಮಂತ್ರಿ ಜಾನ್ ಕ್ವಿನ್ಸಿ ಆಡಮ್ಸ್ ಬರೆದಿದ್ದ: ಬಿರುಗಾಳಿಗೆ ಕಳಚಿದ ಸೇಬು ನೆಲಕ್ಕೆ ಬೀಳುವ ಹಾಗೆ, ಸ್ಪೇನಿನಿಂದ ಕಳಚಿದ ಕ್ಯೂಬಾ ಅಮೆರಿಕದ ಕಡೆಗೇ ಬೀಳಬೇಕು ಅಂತ. 75 ವರ್ಷ ಮರದ ಕೆಳಗೆ ಕಾದವರು, ಇನ್ನೊಬ್ಬ ಬಂದು ಕೊಂಬೆ ಅಲ್ಲಾಡಿಸುವಾಗ ಸುಮ್ನೆ ಕೂರುತ್ತಾರಾ?

ಮಾರ್ತಿಗೆ ಇದು ಗೊತ್ತಿತ್ತು. 1895ರ ಮೇ 19ರಂದು ಅವರು ಕ್ಯೂಬಾದಲ್ಲಿ ಗುಂಡೇಟಿಗೆ ಸತ್ತರು. ಹಿಂದಿನ ದಿನ ಗೆಳೆಯನಿಗೆ ಬರೆಯಲು ಹಿಡಿದು ಅರ್ಧಕ್ಕೆ ನಿಂತ ಕಾಗದದಲ್ಲಿ, ನಾನು ರಾಕ್ಷಸನ ಹೊಟ್ಟೆಯೊಳಗೇ ಬದುಕಿದವನು, ಅದರ ಕರುಳು ಹೇಗಿದೆ ಅಂತ ನನಗೆ ಗೊತ್ತು ಎಂದಿದ್ದಾರೆ. ರಾಕ್ಷಸ ಅಂದದ್ದು ಸ್ಪೇನಿಗಲ್ಲ.

ಲೆಕ್ಕದ ಪುಸ್ತಕ:

ಚೆನ್ನಾಗಿ ಬರೆದಿದ್ದೀರಿ ಸರ್. ಆದರೆ ಇಷ್ಟು ಸುತ್ತು ಬಳಸಿ ಹೋಗಬೇಕಾ? ಸಕ್ಕರೆ, ಬಂಡವಾಳ, ಮಾರುಕಟ್ಟೆ. ಕಥೆ ಮುಗಿಯಿತು. 1893ರಲ್ಲಿ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ ಆಗಿತ್ತು. ಬ್ಯಾಂಕುಗಳು ಮುಳುಗಿದ್ದವು. ಕಾರ್ಖಾನೆಗಳು ಮಾಡಿದ ಮಾಲು ಒಳಗೆ ಖಾಲಿಯಾಗುತ್ತಿರಲಿಲ್ಲ. ಉಕ್ಕಿನಲ್ಲಿ ಆಗಲೇ ಬ್ರಿಟನ್ನನ್ನು ಹಿಂದೆ ಹಾಕಿದ್ದರು. ಪಶ್ಚಿಮದಲ್ಲಿ ಇನ್ನು ಹೊಸ ಗಡಿನಾಡು ಉಳಿದಿಲ್ಲ ಅಂತ 1890ರ ಜನಗಣತಿಯೇ ಹೇಳಿತ್ತು. ಒಳಗೆ ಜಾಗ ಮುಗಿದ ಮೇಲೆ ಹೊರಗೆ ಕೈ ಚಾಚಲೇಬೇಕು. ಫಿಲಿಪ್ಪೀನ್ಸ್ ಯಾಕೆ ಬೇಕಿತ್ತು ಮತ್ತೆ? ಚೀನಾದ ಮಾರುಕಟ್ಟೆಗೆ ಮೆಟ್ಟಿಲು. ಕರುಣೆ ಪರುಣೆ ಎಲ್ಲ ಮೇಲಿನ ಬಣ್ಣ.

ಟ್ಯಾಂಪಾದವನು:

ಹಸಿವು ಇತ್ತು, ಒಪ್ಪಿದೆ. ಆದರೆ ದಿನಾಂಕ ನೋಡಿ. 1898ರ ಶುರುವಿನಲ್ಲಿ ಕುಸಿತದಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದರು. ವಾಲ್ ಸ್ಟ್ರೀಟ್‌ನವರಿಗೆ ಯುದ್ಧ ಅಂದರೆ ಹೆದರಿಕೆ, ಎಲ್ಲಿ ಮತ್ತೆ ಬಿದ್ದುಹೋಗುತ್ತೋ ಅಂತ. ಸಿಯೆನ್‌ಫುಎಗೋಸ್ ಹತ್ತಿರ ದೊಡ್ಡ ಸಕ್ಕರೆ ತೋಟ ಇಟ್ಟುಕೊಂಡಿದ್ದ ಎಡ್ವಿನ್ ಆಟ್ಕಿನ್ಸ್ ಬಾಸ್ಟನ್‌ನವನು. ಅವನಿಗೆ ಯುದ್ಧವೂ ಬೇಡ, ಸ್ವತಂತ್ರ ಕ್ಯೂಬಾವೂ ಬೇಡ. ಸ್ಪೇನಿನ ಕೆಳಗೇ ಒಳಾಡಳಿತ ಇರಲಿ ಅನ್ನುತ್ತಿದ್ದ. ತೋಟ ಇದ್ದವನ ಮಾತೇ ಹೀಗಿತ್ತು.

ವ್ಯಾಪಾರಸ್ಥರ ಮನಸ್ಸು ಬದಲಾದದ್ದು ಮಾರ್ಚಿನಲ್ಲಿ. ವರ್ಮಾಂಟ್‌ನ ಸೆನೆಟರ್ ಪ್ರಾಕ್ಟರ್ ಕ್ಯೂಬಾ ಸುತ್ತಿ ಬಂದು ಮಾರ್ಚ್ 17ಕ್ಕೆ ಭಾಷಣ ಮಾಡಿದ. ಅಬ್ಬರ ಇಲ್ಲ, ಕಣ್ಣೀರು ಇಲ್ಲ. ವರದಿ ಓದಿದ ಹಾಗೆ ಓದಿದ. ಕೂಡಿಹಾಕಿದ ಜನ ಹೇಗೆ ಸಾಯುತ್ತಿದ್ದಾರೆ ಅಂತ ಒಂದೊಂದಾಗಿ. ಹರ್ಸ್ಟ್‌ನ ಪತ್ರಿಕೆಯನ್ನು ಕೈಯಲ್ಲೂ ಮುಟ್ಟದ ಜನ ಇವನ ಮಾತು ನಂಬಿದರು. ಪ್ರಾಕ್ಟರ್‌ನದ್ದು ಅಮೃತಶಿಲೆ ವ್ಯಾಪಾರ. ಕೆಳಮನೆಯ ಸ್ಪೀಕರ್ ರೀಡ್ ಯುದ್ಧಕ್ಕೆ ವಿರೋಧಿ, ಬಾಯಿ ಬಿಟ್ಟರೆ ಕೊಂಕು. 'ಯುದ್ಧ ಆದರೆ ಗೋರಿಕಲ್ಲಿಗೆ ಒಳ್ಳೇ ಮಾರುಕಟ್ಟೆ' ಅಂದನಂತೆ.

ಇನ್ನು ಕರುಣೆ ಬರೀ ಬಣ್ಣ ಅನ್ನುವುದಾದರೆ, ಕ್ಯೂಬಾವನ್ನು ನಾವು ಸೇರಿಸಿಕೊಳ್ಳುವುದಿಲ್ಲ ಎಂಬ ಟೆಲ್ಲರ್ ತಿದ್ದುಪಡಿಗೆ ಅದೇ ಸಂಸತ್ತು ಯಾಕೆ ಒಪ್ಪಿತು? ಜನರ ಅಭಿಮಾನ ಆ ಕಡೆ ಅಷ್ಟು ಜಾಸ್ತಿ ಇತ್ತು. ನವೆಂಬರಿನಲ್ಲಿ ಚುನಾವಣೆ ಬೇರೆ. ಕ್ಯೂಬಾ ಬಿಡುಗಡೆಯ ಬಾವುಟವನ್ನು ಎದುರು ಪಕ್ಷದ ಕೈಗೆ ಕೊಟ್ಟು ಕೂರಲು ಮೆಕಿನ್ಲಿಗೆ ಆಗುತ್ತಿರಲಿಲ್ಲ. ಆಸೆಯೂ ಇತ್ತು, ಮರುಕವೂ ಇತ್ತು, ವೋಟಿನ ಭಯವೂ ಇತ್ತು. ನೀವು ಒಂದನ್ನೇ ಹಿಡಿದು ಎಳೆಯುತ್ತಿದ್ದೀರಿ ಅಷ್ಟೇ.

ಲೆಕ್ಕದ ಪುಸ್ತಕ:

ತಿದ್ದುಪಡಿ ಕ್ಯೂಬಾಕ್ಕೆ ಮಾತ್ರ ಅನ್ವಯ ಆಗುತ್ತಿತ್ತು ಸರ್. ಫಿಲಿಪ್ಪೀನ್ಸ್ ಬಗ್ಗೆ ಒಂದಕ್ಷರ ಇರಲಿಲ್ಲ. ಅದನ್ನು ಕೊನೆಗೆ 2 ಕೋಟಿ ಡಾಲರ್ ಕೊಟ್ಟು ತಗೊಂಡರು. ನನ್ನ ಲೆಕ್ಕ ಅಲ್ಲಿ ತಾಳೆಯಾಗುತ್ತದೆ.

ಟ್ಯಾಂಪಾದವನು:

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಒಪ್ಪಿಕೊಂಡೆ.

ಕಡಲಂಚು:

ಮೂಲ ಪ್ರಶ್ನೆಯ ಎರಡನೇ ಭಾಗ ಯಾರೂ ಮುಟ್ಟಲಿಲ್ಲ. ಸ್ಪೇನ್ ಯಾಕೆ ಮಾರಲಿಲ್ಲ? ನನಗೆ ಹಡಗುಗಳ ಹುಚ್ಚು, ಆ ಕಡೆಯಿಂದ ಹೇಳುತ್ತೇನೆ.

ಕೊಳ್ಳಲು ಅಮೆರಿಕ ಮೊದಲೇ ಬಂದಿತ್ತು. 1848ರಲ್ಲೇ ಅಧ್ಯಕ್ಷ ಪೋಕ್ 10 ಕೋಟಿ ಡಾಲರ್ ಕೊಡಲು ತಯಾರಿದ್ದ. ಸ್ಪೇನ್ ಕೇಳಲಿಲ್ಲ. ಅದಕ್ಕೆ ಕ್ಯೂಬಾ ಅಂದರೆ ಬರೀ ತೋಟ ಅಲ್ಲ. ನಾಲ್ಕು ಶತಮಾನದಿಂದ ಇಟ್ಟುಕೊಂಡದ್ದು. ಮೆಕ್ಸಿಕೊದಿಂದ ಅರ್ಜೆಂಟೀನಾ ತನಕ ಎಲ್ಲ ಕೈಬಿಟ್ಟು ಹೋದ ಮೇಲೂ ಜೊತೆಗಿದ್ದದ್ದು.

ಯುದ್ಧ ಶುರುವಾದಾಗ ಸ್ಪೇನಿನ ರಾಜನಿಗೆ ಇನ್ನೂ 12 ತುಂಬಿರಲಿಲ್ಲ. ಅವನ ತಾಯಿ ಮರಿಯಾ ಕ್ರಿಸ್ತೀನಾ ರಾಜ್ಯ ನೋಡಿಕೊಳ್ಳುತ್ತಿದ್ದಳು, ಅವಳು ಹುಟ್ಟಿನಿಂದ ಆಸ್ಟ್ರಿಯಾದವಳು. ಸಿಂಹಾಸನ ತಮ್ಮದು ಅನ್ನುವ ಕಾರ್ಲಿಸ್ಟರು ಒಂದು ಕಡೆ. ಅರಸೊತ್ತಿಗೆಯೇ ಬೇಡ ಅನ್ನುವವರು ಇನ್ನೊಂದು ಕಡೆ. ನಡುವೆ ಸೈನ್ಯದ ಜನರಲ್‌ಗಳು. ಹೊಡೆದಾಡದೆ ಕ್ಯೂಬಾ ಬಿಟ್ಟುಕೊಟ್ಟ ಸರ್ಕಾರ ಮನೆಗೆ ಹೋಗುತ್ತಿತ್ತು, ಜೊತೆಗೆ ರಾಜಮನೆತನವೂ ಹೋಗಬಹುದಿತ್ತು. ಯುದ್ಧದಲ್ಲಿ ಸೋತು ಕಳೆದುಕೊಂಡರೆ ಮಾನ ಉಳಿಯುತ್ತೆ, ಮಾರಿಕೊಂಡರೆ ಉಳಿಯಲ್ಲ. ಈ ಲೆಕ್ಕದಲ್ಲಿ ಹಡಗಿನಲ್ಲಿದ್ದ ನಾವಿಕರು ಬರುವುದಿಲ್ಲ ನೋಡಿ. ದುಡ್ಡಿದ್ದ ಮನೆಯವರು 2,000 ಪೆಸೆಟಾ ಕಟ್ಟಿ ಮಗನನ್ನು ಕ್ಯೂಬಾಕ್ಕೆ ಹೋಗುವುದರಿಂದ ಬಿಡಿಸಿಕೊಳ್ಳಬಹುದಿತ್ತು. ಹೋದವರೆಲ್ಲ ಬಡವರ ಮಕ್ಕಳು. ಹತ್ತಾರು ಸಾವಿರ ಜನ ಸತ್ತದ್ದು ಗುಂಡಿಗಲ್ಲ, ಜ್ವರಕ್ಕೆ.

ಅಡ್ಮಿರಲ್ ಸೆರ್ವೇರಾ ಮ್ಯಾಡ್ರಿಡ್ಡಿಗೆ ಮೇಲಿಂದ ಮೇಲೆ ಬರೆದ: ನಮ್ಮ ನೌಕಾಪಡೆ ಹೋದರೆ ಮುಳುಗುವುದೇ ಗತಿ. ಅವನ ಹಡಗುಗಳಲ್ಲಿ ಹೊಚ್ಚ ಹೊಸದು 'ಕ್ರಿಸ್ತೋಬಲ್ ಕೊಲೋನ್'. ಅದು ಯುದ್ಧಕ್ಕೆ ಹೊರಟಾಗ ಅದರ ದೊಡ್ಡ ತೋಪುಗಳೇ ಇರಲಿಲ್ಲ. ಕೂರಿಸಿರಲೇ ಇಲ್ಲ! ಜುಲೈ 3ರ ಬೆಳಿಗ್ಗೆ ಕ್ಯೂಬಾದ ಸಾಂತಿಯಾಗೊ ಬಂದರಿನ ಸಣ್ಣ ಬಾಯಿಂದ ಒಂದರ ಹಿಂದೆ ಒಂದು ಹಡಗು ಹೊರಗೆ ಬಂದವು. ಹೊರಗೆ ಅಮೆರಿಕದವರು ಅರ್ಧಚಂದ್ರಾಕಾರದಲ್ಲಿ ಕಾದಿದ್ದರು. ಮಧ್ಯಾಹ್ನದ ಹೊತ್ತಿಗೆ ಆರಕ್ಕೆ ಆರೂ ಹೋದವು. ಕೊಲೋನ್ ಒಂದು ತಪ್ಪಿಸಿಕೊಂಡೇ ಬಿಡುತ್ತೆ ಅನ್ನಿಸಿತು. ಅಷ್ಟರಲ್ಲಿ ಅದರ ಒಳ್ಳೇ ಕಲ್ಲಿದ್ದಲು ಮುಗಿಯಿತು, ಉಳಿದದ್ದು ಕಳಪೆ. ಆ ಕಡೆ 300ಕ್ಕೂ ಜಾಸ್ತಿ ಸಾವು, ಅಮೆರಿಕದ ಕಡೆ ಒಬ್ಬ.

ಫಿಲಿಪ್ಪೀನ್ಸ್ ವಿಷಯಕ್ಕೂ ಒಂದು ಮಾತು. ಅಮೆರಿಕದ ನೌಕಾ ಇಲಾಖೆಯಲ್ಲಿ ಎರಡನೇ ಸ್ಥಾನದಲ್ಲಿದ್ದ ಥಿಯೋಡರ್ ರೂಸ್ವೆಲ್ಟ್, ಫೆಬ್ರವರಿ 25ರಂದು ಮಂತ್ರಿ ಅರ್ಧ ದಿನ ರಜೆ ಹಾಕಿದ್ದನ್ನೇ ನೋಡಿಕೊಂಡು, ಏಷ್ಯಾದಲ್ಲಿದ್ದ ಅಮೆರಿಕದ ಹಡಗುಪಡೆಯ ಮುಖ್ಯಸ್ಥ ಡ್ಯೂವಿಗೆ ತಂತಿ ಕಳಿಸಿದ: ಹಾಂಗ್‌ಕಾಂಗಿನಲ್ಲಿ ಹಡಗುಗಳನ್ನು ಸೇರಿಸಿಕೊ, ಕಲ್ಲಿದ್ದಲು ತುಂಬಿಕೊಂಡಿರು. ಒಬ್ಬನೇ ಮಾಡಿದ ಪಿತೂರಿ ಎಂದು ಇದನ್ನು ಹೇಳುತ್ತಾರೆ. ಆದರೆ ಸ್ಪೇನ್ ಜೊತೆ ಯುದ್ಧ ಬಂದರೆ ಮನಿಲಾದ ಮೇಲೆ ದಾಳಿ ಅನ್ನುವ ಯೋಜನೆ 1896ರಿಂದಲೇ ನೌಕಾಪಡೆಯ ಕಡತದಲ್ಲಿತ್ತು. ಮಂತ್ರಿ ವಾಪಸ್ ಬಂದು ಗೊಣಗಿದ, ಆದರೆ ಆ ಆದೇಶ ರದ್ದು ಮಾಡಲಿಲ್ಲ.

ಕೊನೆಗೊಂದು. ಜೂನಿನಲ್ಲಿ ಗುವಾಮ್ ಹಿಡಿಯಲು ಹೋದ ಅಮೆರಿಕದ 'ಚಾರ್ಲ್‌ಸ್ಟನ್' ಕೋಟೆಯ ಕಡೆಗೆ ಗುಂಡು ಹಾರಿಸಿತು. ಎದುರಿನಿಂದ ಉತ್ತರವೇ ಇಲ್ಲ. ಸ್ವಲ್ಪ ಹೊತ್ತಿಗೆ ಸ್ಪೇನ್ ಅಧಿಕಾರಿಗಳು ದೋಣಿಯಲ್ಲಿ ಬಂದು ಕ್ಷಮೆ ಕೇಳಿದರು. ನೀವು ಕುಶಾಲು ತೋಪು ಹಾರಿಸಿದಿರಿ, ತಿರುಗಿ ಹಾರಿಸಲು ನಮ್ಮ ಹತ್ತಿರ ಮದ್ದಿಲ್ಲ ಅಂತ. ಯುದ್ಧ ಶುರುವಾಗಿ ಎರಡು ತಿಂಗಳಾಗಿತ್ತು, ಅವರಿಗೆ ಯಾರೂ ಹೇಳಿರಲಿಲ್ಲ.

ಪುಸ್ತಕದ ಹುಳ:

ಅಯ್ಯೋ ಪಾಪ! ಎಲ್ಲರಿಗೂ ಥ್ಯಾಂಕ್ಸ್. ಟ್ಯಾಂಪಾದವರೇ, ಎರಡು ಸಣ್ಣ ಪ್ರಶ್ನೆ. ಸೈನ್ಯ ನಿಮ್ಮೂರಿನಿಂದ ಹೋಯಿತು ಅಂದಿರಿ, ಅದರದ್ದು ಏನಾದರೂ ಉಳಿದಿದೆಯಾ? ಮತ್ತೆ ಆ ಮೇಯ್ನ್ ಸಿಡಿದದ್ದು ಹೇಗೆ, ಕೊನೆಗೆ ಗೊತ್ತಾಯಿತಾ?

ಟ್ಯಾಂಪಾದವನು:

ಉಳಿದಿದೆ. ರೈಲು ಕಂಪನಿಯ ಒಡೆಯ ಪ್ಲಾಂಟ್ ಕಟ್ಟಿಸಿದ ಒಂದು ದೊಡ್ಡ ಹೋಟೆಲ್ ನದಿ ದಂಡೆಯ ಮೇಲಿದೆ. ಮಸೀದಿಯ ಥರ ಮಿನಾರುಗಳು, ಬೆಳ್ಳಿ ಬಣ್ಣದ ಗುಮ್ಮಟ. ಈಗ ಅದು ವಿಶ್ವವಿದ್ಯಾಲಯ. ಸೇನಾ ಅಧಿಕಾರಿಗಳು ಅದರ ಜಗುಲಿಯಲ್ಲಿ ತೂಗುವ ಕುರ್ಚಿಗಳ ಮೇಲೆ ಕೂತು ಆದೇಶಕ್ಕೆ ಕಾದರು. ಸಿಪಾಯಿಗಳು ಮಾತ್ರ ಜೂನ್ ತಿಂಗಳಲ್ಲಿ, ಈ ಊರಿನ ಸೆಖೆಯಲ್ಲಿ, ಉಣ್ಣೆ ಬಟ್ಟೆ ಹಾಕಿಕೊಂಡು ಗುಡಾರದಲ್ಲಿ. ಇಲ್ಲಿನ ಜೂನ್ ಹೇಗಿರುತ್ತೆ ಅಂತ ನನ್ನನ್ನು ಕೇಳಿ.

ಊರಿನಿಂದ ಬಂದರಿಗೆ 9 ಮೈಲಿ, ಒಂದೇ ಒಂದು ರೈಲು ಹಳಿ. ಡಬ್ಬಿಗಳು ಸಾಲುಗಟ್ಟಿ ನಿಂತವು. ಯಾವುದರಲ್ಲಿ ಏನಿದೆ ಅಂತ ಬರೆದೂ ಇರಲಿಲ್ಲ, ಒಡೆದು ನೋಡಬೇಕು. ಯುದ್ಧಕ್ಕೆ ಅಂತ ನೌಕಾ ಇಲಾಖೆ ಬಿಟ್ಟು ಬಂದಿದ್ದ ರೂಸ್ವೆಲ್ಟ್‌ನ ದಂಡು ಕಲ್ಲಿದ್ದಲು ಗಾಡಿ ಹತ್ತಿ ಬಂದರಿಗೆ ಬಂತು. ಬೇರೆ ದಂಡಿಗೆ ಗೊತ್ತುಮಾಡಿದ್ದ ಹಡಗಿಗೆ ನುಗ್ಗಿ ಜಾಗ ಹಿಡಿಯಿತು. ಕುದುರೆ ದಂಡು ಅಂತ ಹೆಸರು, ಜಾಗ ಸಾಲದೆ ಕುದುರೆಗಳನ್ನು ಇಲ್ಲೇ ಬಿಟ್ಟು ಹೋದರು. ಉದಯಿಸುತ್ತಿರುವ ಶಕ್ತಿ ಅಂತ ಪುಸ್ತಕದಲ್ಲಿ ಓದುವಾಗ ನನಗೆ ಈ ರೈಲ್ವೆ ಡಬ್ಬಿಗಳೇ ನೆನಪಾಗುತ್ತವೆ. ಅವತ್ತಿನ ಅವರ ಕಾಯಂ ಸೈನ್ಯ 28,000 ಅಷ್ಟೇ.

ಜುಲೈ 17ಕ್ಕೆ ಸಾಂತಿಯಾಗೊ ಶರಣಾಯಿತು. ಕ್ಯೂಬಾದ ಜನರಲ್ ಕಲಿಕ್ಸ್ತೊ ಗಾರ್ಸಿಯಾ ಅಮೆರಿಕದ ಸೈನ್ಯವನ್ನು ದಡಕ್ಕೆ ಇಳಿಸಿಕೊಂಡವನು, ದಾರಿ ಕಾಯ್ದವನು. ಅವನ ಸೈನಿಕರನ್ನು ಊರೊಳಗೆ ಬಿಡಲಿಲ್ಲ, ಶರಣಾಗತಿಯ ದಿನ ಅವನನ್ನು ಕರೆಯಲೂ ಇಲ್ಲ. ಅವನು ಒಂದು ಪ್ರತಿಭಟನೆಯ ಕಾಗದ ಬರೆದು, ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊರಟುಹೋದ. ನಾನು ಮೇಲೆ ಕೀಲಿ ಅಂದೆನಲ್ಲ, ಆ ಕೀಲಿ ತಿರುಗಿದ ದಿನ ಅದು.

ಮೇಯ್ನ್ ವಿಷಯ. 1898ರ ಅಮೆರಿಕದ ತನಿಖೆ ಹಡಗಿನ ಹೊರಗೆ ನೀರಿನಡಿ ಇಟ್ಟಿದ್ದ ಬಾಂಬು ಸಿಡಿಯಿತು ಅಂದಿತು, ಯಾರು ಇಟ್ಟದ್ದು ಅಂತ ಹೇಳಲಿಲ್ಲ. ಸ್ಪೇನಿನ ತನಿಖೆ, ಒಳಗೇ ಆದದ್ದು ಅಂದಿತು. 1911ರಲ್ಲಿ ಹಡಗಿನ ಸುತ್ತ ಅಡ್ಡಗಟ್ಟೆ ಕಟ್ಟಿ, ನೀರು ಖಾಲಿ ಮಾಡಿ ನೋಡಿದರು. ಆಗಲೂ ಹೊರಗಿನಿಂದಲೇ ಅಂದರು, ಆದರೆ ಬೇರೆ ಜಾಗ ತೋರಿಸಿದರು. 1976ರಲ್ಲಿ ಅಡ್ಮಿರಲ್ ರಿಕೋವರ್ ಎಂಜಿನಿಯರುಗಳನ್ನು ಕೂರಿಸಿ ಹಳೇ ಫೋಟೋಗಳನ್ನೆಲ್ಲ ತೆಗೆಸಿ ನೋಡಿದ. ಕಲ್ಲಿದ್ದಲು ಕೋಣೆಯಲ್ಲಿ ತಾನಾಗಿ ಹೊತ್ತಿದ ಬೆಂಕಿ, ಪಕ್ಕದ ಮದ್ದಿನ ಕೋಣೆಗೆ ಕಾವು ತಗುಲಿ ಸಿಡಿದಿರಬೇಕು ಅಂದ. ನಾನು ಅವನ ಕಡೆ. ಒಪ್ಪದವರು ಈಗಲೂ ಇದ್ದಾರೆ.

1912ರಲ್ಲಿ ಉಳಿದ ಅರ್ಧ ಹಡಗನ್ನು ತೇಲಿಸಿ, ಆಳ ಸಮುದ್ರಕ್ಕೆ ಎಳೆದುಕೊಂಡು ಹೋಗಿ, ಬಾವುಟ ಕಟ್ಟಿ ಮುಳುಗಿಸಿದರು. ಅದರ ಒಂದು ಕಂಬ ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ಸ್ಮಶಾನದಲ್ಲಿದೆ. ಹವಾನಾದ ಕಡಲ ದಂಡೆಯಲ್ಲೂ ಮೇಯ್ನ್‌ಗೆ ಒಂದು ಸ್ಮಾರಕ ಕಟ್ಟಿಸಿದ್ದರು, ಎರಡು ಕಂಬ, ಮೇಲೆ ಕಂಚಿನ ಹದ್ದು. 1961ರಲ್ಲಿ ಆ ಹದ್ದನ್ನು ಕೆಳಗೆ ಉರುಳಿಸಿದರು. ಕಂಬಗಳನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ.